ಅಂಟಿನ ನಂಟು

(ರೇಡಿಯೋ ಭಾಷಣ)



ಕನ್ನಡ ಪಾಠ ಹೇಳಿ ನಿವೃತ್ತನಾದ ಅಧ್ಯಾಪಕನೊಬ್ಬ ನೀರು, ಔಷಧ, ಪಾಲಿಮರ್ ಎಂದು ಮಾತು ತೆಗೆದರೆ ನಿಮಗೆ ಆಶ್ಚರ್ಯವಾಗಬಹುದು. ನನಗೂ ಆಗಿದೆ. ರಸಾಯನಶಾಸ್ತ್ರದೊಡನೆ ನನ್ನ ಸಂಬಂಧ ಪಿ.ಯು.ಸಿ. ತರಗತಿಯಲ್ಲಿ ಗಾಜಿನ ಪಿಪೆಟ್ಟೊಂದನ್ನು ಒಡೆದು ದಂಡ ತೆತ್ತಲ್ಲಿಗೆ ಮುಗಿದಿತ್ತು. ಅದು ಮತ್ತೆ ಕುದುರಿದ್ದು ಒಂದು ಹಾಳೆ ಕಾಗದದ ದೆಸೆಯಿಂದ.

ಕೆಲವು ವರ್ಷಗಳ ಹಿಂದೆ ನನಗೆ ಮೂತ್ರದ ಸೋಂಕು ತಗಲಿ ಜ್ವರ ಬಂದಿತು. ವಯಸ್ಸಾದವರಿಗೆ ಅಪರೂಪದ ಕಾಯಿಲೆಯೇನಲ್ಲ. ವೈದ್ಯರು ಮಾತ್ರೆ ಬರೆದುಕೊಟ್ಟರು, ಜ್ವರ ಇಳಿಯಲಿಲ್ಲ. ಅದನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಂದು ಮಾತ್ರೆ ಕೊಟ್ಟರು; ಅದಕ್ಕೂ ಬಗ್ಗಲಿಲ್ಲ. ಕೊನೆಗೆ, ನನ್ನೊಳಗೆ ಬಿಡಾರ ಹೂಡಿದ್ದ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಯಾವ ಔಷಧಕ್ಕೆ ಮಣಿಯುತ್ತದೆ, ಯಾವುದಕ್ಕೆ ಮಣಿಯುವುದಿಲ್ಲ ಎಂದು ಪರೀಕ್ಷಿಸಿದರು. ಅದರ ವರದಿ ಕೈಗೆ ಬಂದಿತು. ಎಡಗಡೆ ಸಾಲಾಗಿ ಪ್ರತಿಜೀವಕ ಔಷಧಗಳ ಹೆಸರು. ಬಲಗಡೆ ಒಂದೊಂದರ ಎದುರಿಗೆ ಒಂದೊಂದೇ ಅಕ್ಷರ. 'ಎಸ್' ಎಂದಿದ್ದರೆ ಔಷಧ ಗೆದ್ದಿತೆಂದು ಅರ್ಥ. 'ಆರ್' ಎಂದಿದ್ದರೆ ಬ್ಯಾಕ್ಟೀರಿಯ ಗೆದ್ದಿತೆಂದು ಅರ್ಥ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅಂಕಪಟ್ಟಿಗಳ ಮೇಲೆ ಕಣ್ಣಾಡಿಸಿದವನು ನಾನು. ಇಷ್ಟು ಮಂದಿ ಒಟ್ಟಿಗೆ ನಪಾಸಾದ ತರಗತಿಯನ್ನು ಕಂಡಿರಲಿಲ್ಲ. ನಾನು ನುಂಗಿದ್ದ ಸಿಪ್ರೊಫ್ಲಾಕ್ಸಸಿನ್ ಕೂಡ ಆ ನಪಾಸಾದವರ ಸಾಲಿನಲ್ಲಿಯೇ ಇತ್ತು.

ಪಾಸಾಗಿದ್ದ ಒಂದೆರಡರಲ್ಲಿ ಒಂದನ್ನು ರಕ್ತನಾಳದ ಮೂಲಕ ಕೊಟ್ಟು ನನ್ನನ್ನು ಉಳಿಸಿದರು. ಮನೆಗೆ ಹೊರಡುವ ದಿನ ವೈದ್ಯರನ್ನು ಕೇಳಿದೆ: "ಡಾಕ್ಟರೇ, ನಾನು ಜೀವಮಾನದಲ್ಲಿ ಇಷ್ಟು ಬಗೆಯ ಔಷಧ ತಿಂದವನೇ ಅಲ್ಲ. ನನ್ನ ಬ್ಯಾಕ್ಟೀರಿಯಕ್ಕೆ ಇಷ್ಟೊಂದು ವಿದ್ಯೆ ಎಲ್ಲಿಂದ ಬಂತು?" ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದ ಅವರು ನಕ್ಕು, "ನೀವು ತಿಂದಿರಬೇಕಾಗಿಲ್ಲ ಸಾರ್. ಅದು ಬೇರೆಲ್ಲಿಯೋ ತಿಂದು, ಆಮೇಲೆ ನಿಮ್ಮಲ್ಲಿಗೆ ಬಂದಿರಬಹುದು" ಎಂದರು.

ಬೇರೆಲ್ಲಿ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಾವು ನುಂಗಿದ ಔಷಧವೆಲ್ಲ ನಮ್ಮ ದೇಹದಲ್ಲಿಯೇ ಕರಗಿ ಮುಗಿದುಹೋಗುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಅಮಾಕ್ಸಿಸಿಲಿನ್ ಮಾತ್ರೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೆಲವೇ ಗಂಟೆಗಳಲ್ಲಿ, ಇದ್ದದ್ದು ಇದ್ದಂತೆಯೇ, ಮೂತ್ರದಲ್ಲಿ ಹೊರಬೀಳುತ್ತದೆ. ಸಿಪ್ರೊಫ್ಲಾಕ್ಸಸಿನ್ ಹೆಚ್ಚು ಕಡಿಮೆ ಅರ್ಧದಷ್ಟು ಹಾಗೆಯೇ ಹೊರಬೀಳುತ್ತದೆ. ಮನೆಗಳಿಂದ, ಆಸ್ಪತ್ರೆಗಳಿಂದ, ಕೋಳಿ ಫಾರಂಗಳಿಂದ, ಮೀನಿನ ಕೊಳಗಳಿಂದ ಇದೆಲ್ಲ ಹರಿದು ಚರಂಡಿಗೆ, ಚರಂಡಿಯಿಂದ ಕೆರೆಗೆ, ಹೊಳೆಗೆ ಸೇರುತ್ತದೆ. ಇದರ ಜೊತೆಗೆ ನನ್ನಂಥವರ ಕೊಡುಗೆಯೂ ಇದೆ. ಅರ್ಧಕ್ಕೆ ನಿಂತ ಆ ಮೊದಲ ಮಾತ್ರೆಗಳನ್ನು ನಾನು ಏನು ಮಾಡಿದ್ದೆ? ಮಕ್ಕಳ ಕೈಗೆ ಸಿಕ್ಕೀತೆಂಬ ಮುನ್ನೆಚ್ಚರಿಕೆಯಿಂದ, ಜವಾಬ್ದಾರಿಯುಳ್ಳ ಗೃಹಸ್ಥನಂತೆ, ಬಚ್ಚಲಿನ ತೂಬಿಗೆ ಹಾಕಿ ಒಂದು ತಂಬಿಗೆ ನೀರು ಹೊಯ್ದಿದ್ದೆ.

ಮನೆಗಳ ಲೆಕ್ಕ ಇದಾದರೆ, ಔಷಧವನ್ನು ತಯಾರಿಸುವಲ್ಲಿನ ಲೆಕ್ಕ ಬೇರೆ. ಹೈದರಾಬಾದಿನ ಬಳಿ ಪಟಾನ್‌ಚೆರು ಎಂಬ ಊರಿದೆ. ಸುಮಾರು ೯೦ ಔಷಧ ಕಾರ್ಖಾನೆಗಳ ಕೊಳಚೆಯನ್ನು ಅಲ್ಲಿ ಒಂದೆಡೆ ಸೇರಿಸಿ ಶುದ್ಧಿಮಾಡಿ ಹೊರಗೆ ಬಿಡುತ್ತಿದ್ದರು. ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹೀಗೆ ಶುದ್ಧಿಯಾಗಿ ಹೊರಬಂದ ನೀರನ್ನು ಪರೀಕ್ಷಿಸಿ ೨೦೦೭ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಲೀಟರ್ ನೀರಿನಲ್ಲಿ ೩೧ ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಅಂಕಿ ಸಣ್ಣದೆನಿಸಬಹುದು, ಆದ್ದರಿಂದ ಮನೆಯ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಅಂಥ ನೀರನ್ನು ಒಂದು ದೊಡ್ಡ ಕೊಡದಲ್ಲಿ, ಹದಿನಾರು ಲೀಟರಿನಷ್ಟು, ತುಂಬಿಕೊಂಡರೆ ಆ ಕೊಡದಲ್ಲಿ ೫೦೦ ಮಿಲಿಗ್ರಾಮಿನ ಒಂದು ಇಡೀ ಮಾತ್ರೆಯ ಔಷಧವಿರುತ್ತಿತ್ತು. ಔಷಧ ಸೇವಿಸಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಆ ನೀರಿನಲ್ಲಿ ಅದು ಹೆಚ್ಚಾಗಿತ್ತು. ದಿನವೊಂದಕ್ಕೆ ಹೊರಹೋಗುತ್ತಿದ್ದುದು ಸುಮಾರು ೪೫ ಕಿಲೋಗ್ರಾಂ ಎಂದು ಅವರು ಎಣಿಸಿದರು. ಇಡೀ ಸ್ವೀಡನ್ ದೇಶ ಐದು ದಿನಗಳಲ್ಲಿ ಸೇವಿಸುವಷ್ಟು. ಆ ನೀರು ಹಳ್ಳಗಳ ಮೂಲಕ ಮಾಂಜ್ರಾ ನದಿಯನ್ನು, ಅಲ್ಲಿಂದ ಮುಂದೆ ಗೋದಾವರಿಯನ್ನು ಸೇರುತ್ತಿತ್ತು. ಮಾಂಜ್ರಾ ಎಂದರೆ ನಮ್ಮ ಬೀದರ್ ಜಿಲ್ಲೆಯನ್ನು ಹಾದು ಆಚೆಗೆ ಹೋಗುವ ನದಿಯೇ.

ಇಂಥ ನೀರಿನಲ್ಲಿ ಬ್ಯಾಕ್ಟೀರಿಯಗಳು ಸಾಯುತ್ತವಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಸಾಯುವುವು ಸಾಯುತ್ತವೆ, ಹೇಗೋ ತಾಳಿಕೊಂಡವು ಉಳಿದು ಬೆಳೆಯುತ್ತವೆ. ಹೊಳೆಯ ಕೆಳಗೆ ಹೋದಂತೆ ಔಷಧ ತೆಳುವಾಗುತ್ತದೆ. ಕೊಲ್ಲುವ ಶಕ್ತಿ ಅದಕ್ಕೆ ಇಲ್ಲವಾದರೂ, ತಾಳಿಕೊಳ್ಳುವ ಜೀವಿಗಳಿಗೆ ಇತರರ ನಡುವೆ ಮೇಲುಗೈ ಕೊಡುವಷ್ಟು ಶಕ್ತಿ ಉಳಿದಿರುತ್ತದೆ. ಹಾಗೆ ಕಲಿತ ವಿದ್ಯೆಯನ್ನು ಬ್ಯಾಕ್ಟೀರಿಯಗಳು ತಮ್ಮಲ್ಲಿಯೇ ಇಟ್ಟುಕೊಳ್ಳುವುದಿಲ್ಲ. ಒಂದು ಜಾತಿ ಇನ್ನೊಂದು ಜಾತಿಗೆ ಕೈಗಡ ಕೊಟ್ಟಂತೆ ಕೊಟ್ಟುಬಿಡುತ್ತದೆ. ವಿದ್ಯಾದಾನದಲ್ಲಿ ಅವು ನಮಗಿಂತ ಉದಾರಿಗಳು. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ೧೯೪೫ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ, ಸಾಲದಷ್ಟು ಪ್ರಮಾಣದ ಔಷಧ ಬ್ಯಾಕ್ಟೀರಿಯಕ್ಕೆ ಪಾಠ ಕಲಿಸುತ್ತದೆಂದು ಎಚ್ಚರಿಸಿದ್ದರು. ೨೦೧೯ ಒಂದೇ ವರ್ಷದಲ್ಲಿ, ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳ ನೇರ ಕಾರಣದಿಂದ, ಪ್ರಪಂಚದಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನ ಸತ್ತರೆಂದು ಅಂದಾಜು ಮಾಡಿದ್ದಾರೆ. ನನ್ನ ಕೈಯಲ್ಲಿದ್ದ ಆ ನಪಾಸಿನ ಪಟ್ಟಿ ನನ್ನೊಬ್ಬನದಲ್ಲ.

ಹಾಗಾದರೆ, ನೀರಿಗೆ ಬಿದ್ದ ಔಷಧವನ್ನು ಮರಳಿ ತೆಗೆಯಲು ಸಾಧ್ಯವೇ? ಇದನ್ನು ನನ್ನ ಹಳೆಯ ಸಹೋದ್ಯೋಗಿ, ರಸಾಯನಶಾಸ್ತ್ರ ಬೋಧಿಸಿ ನಿವೃತ್ತರಾದ ಗೆಳೆಯರೊಬ್ಬರನ್ನು ಕೇಳಿದೆ. ಅವರು ಬಾಯಿಮಾತಿನಲ್ಲಿ ಉತ್ತರ ಹೇಳದೆ, ತಮ್ಮ ಶಿಷ್ಯರ ಪ್ರಯೋಗಾಲಯವೊಂದಕ್ಕೆ ನನ್ನನ್ನು ಕರೆದುಕೊಂಡು ಹೋದರು.

ಅಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಗಾಜಿನ ಕೊಳವೆ. ಅದರೊಳಗೆ ಸಾಬೂದಾನಿಯನ್ನು ಇನ್ನೂ ಸಣ್ಣದು ಮಾಡಿದಂತಿದ್ದ ಬಿಳಿಯ ಮಣಿಗಳು. ಮೇಲಿನಿಂದ ಟೆಟ್ರಸೈಕ್ಲಿನ್ ಬೆರೆಸಿದ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದರು. ಆ ಔಷಧದ ಬಣ್ಣ ಹಳದಿ. ನನ್ನ ಕಣ್ಣಿಗೆ ಕಾಣಲೆಂದೇ ತುಸು ಗಟ್ಟಿಯಾಗಿ ಬೆರೆಸಿದ್ದರು. ಮೇಲೆ ಹಳದಿ ನೀರು ಹೋಗುತ್ತಿದೆ, ಕೆಳಗೆ ತಿಳಿನೀರು ಬರುತ್ತಿದೆ. ನಡುವೆ ಮಣಿಗಳ ರಾಶಿಯಲ್ಲಿ ಹಳದಿಯ ಪಟ್ಟಿಯೊಂದು ಮೆಲ್ಲಮೆಲ್ಲನೆ ಕೆಳಕ್ಕೆ ಇಳಿಯುತ್ತಿದೆ. "ಮಣಿಗಳು ಔಷಧವನ್ನು ಹೀರಿಕೊಂಡವು" ಎಂದೆ. "ಹೀರಲಿಲ್ಲ, ಅಂಟಿಸಿಕೊಂಡವು" ಎಂದು ಗೆಳೆಯರು ತಿದ್ದಿದರು. ಕನ್ನಡದ ಅಧ್ಯಾಪಕನ ಕ್ರಿಯಾಪದವನ್ನು ರಸಾಯನಶಾಸ್ತ್ರದ ಅಧ್ಯಾಪಕರು ತಿದ್ದುವ ಕಾಲ ಬಂದಿತ್ತು.

ತಿದ್ದುಪಡಿ ಸರಿಯಾದದ್ದೇ. ಒತ್ತುಕಾಗದ ಶಾಯಿಯನ್ನು ಹೀರುತ್ತದೆ. ಶಾಯಿ ಅದರ ಒಡಲೊಳಕ್ಕೆ ಹೋಗುತ್ತದೆ. ಇಲ್ಲಿ ಹಾಗಲ್ಲ, ನೀರಿನಲ್ಲಿ ಕರಗಿದ್ದ ವಸ್ತು ಘನವಸ್ತುವಿನ ಮೈಮೇಲೆ ಬಂದು ನಿಲ್ಲುತ್ತದೆ. ಈ ಎರಡನ್ನು ಬೇರ್ಪಡಿಸಿ, ಎರಡನೆಯದಕ್ಕೆ ಬೇರೆಯೇ ಹೆಸರು ಬೇಕೆಂದು ೧೮೮೧ರಲ್ಲಿ ಜರ್ಮನಿಯ ಹೈನ್ರಿಕ್ ಕೈಸರ್ 'ಅಡ್ಸಾರ್ಪ್ಷನ್' ಎಂಬ ಶಬ್ದವನ್ನು ಬಳಕೆಗೆ ತಂದರು. ನಮ್ಮಲ್ಲಿ ಸಂಸ್ಕೃತದಿಂದ ಕಟ್ಟಿದ 'ಅಧಿಶೋಷಣೆ' ಎಂಬ ಶಬ್ದವಿದೆ. ನನಗಾದರೋ 'ಅಂಟು' ಎಂಬ ನಮ್ಮ ಹಳೆಯ ಮಾತೇ ಸಾಕೆನಿಸುತ್ತದೆ. ಅದರ ಕುಟುಂಬವನ್ನು ನೋಡಿ. ಜಾಲಿಯ ಮರದಿಂದ ಒಸರುವ ಗೋಂದೂ ಅಂಟು. ಒಬ್ಬರಿಂದೊಬ್ಬರಿಗೆ ಹರಡುವುದೂ ಅಂಟುರೋಗ. ಸಂಬಂಧಕ್ಕೆ ನಂಟು ಎಂದರೆ ಅದರ ಬೆನ್ನಿಗೇ ಅಂಟು ಬಂದು ಸೇರುತ್ತದೆ. ಮರದ ಅಂಟು ಒಂದು ಪಾಲಿಮರ್. ಅಂಟುರೋಗಕ್ಕೆ ಮದ್ದು ಪ್ರತಿಜೀವಕ. ಆ ಮದ್ದು ಪಾಲಿಮರಿನ ಮೈಗೆ ತಗಲುವುದೂ ಅಂಟೇ. ಈ ದಿನದ ನನ್ನ ಮಾತಿನ ಮೂರು ಪಾತ್ರಗಳೂ ಒಂದೇ ಶಬ್ದದ ಮನೆಯವು.

ಪಾಲಿಮರ್ ಎಂದರೇನು? ಒಂದೇ ಬಗೆಯ ಸಣ್ಣ ಘಟಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿದ ಸರ. ಹತ್ತಿ, ರೇಷ್ಮೆ, ಗಂಜಿ, ಗೋಂದು ಇವು ಪ್ರಕೃತಿ ಪೋಣಿಸಿದ ಸರಗಳು. ನೈಲಾನ್, ಪಾಲಿಥೀನ್, ಪಾಲಿಸ್ಟೈರೀನ್ ಮನುಷ್ಯ ಪೋಣಿಸಿದವು. ಇಷ್ಟುದ್ದದ ಸರಗಳು ನಿಜವಾಗಿಯೂ ಇವೆಯೆಂದು ೧೯೨೦ರಲ್ಲಿ ಹರ್ಮನ್ ಸ್ಟೌಡಿಂಗರ್ ವಾದಿಸಿದಾಗ ಹಿರಿಯ ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಅವರಿಗೆ ನೊಬೆಲ್ ಬಹುಮಾನ ಬಂದದ್ದು ೧೯೫೩ರಲ್ಲಿ. ನಾನು ಕಂಡ ಮಣಿಗಳು ಪಾಲಿಸ್ಟೈರೀನಿನ ಸರಗಳಿಗೆ ಅಡ್ಡಹೊಲಿಗೆ ಹಾಕಿ ಬಿಗಿದವು. ಒಳಗೆಲ್ಲ ಕಣ್ಣಿಗೆ ಕಾಣದ ಓಣಿಗಳು, ಗಲ್ಲಿಗಳು. ಇಂಥ ಒಂದು ಬಗೆಯ ಮಣಿಗಳಲ್ಲಿ, ಒಂದೇ ಒಂದು ಗ್ರಾಮಿನಲ್ಲಿ, ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ೭೦೦ ಚದರ ಮೀಟರಿಗೂ ಹೆಚ್ಚು ಮೈ ಇರುತ್ತದೆ. ನಮ್ಮ ಊರುಗಳ ಅಳತೆಯಲ್ಲಿ ಹೇಳುವುದಾದರೆ ಮೂವತ್ತು ಅಡಿ ನಲವತ್ತು ಅಡಿಯ ನಿವೇಶನಗಳು ಆರು! ಒಂದು ಚಿಟಿಕೆ ಮಣಿಯಲ್ಲಿ ಆರು ನಿವೇಶನ. ಬೆಂಗಳೂರಿನಲ್ಲಿ ಮನೆ ಕಟ್ಟಿದವರಿಗೆ ಇದರ ಬೆಲೆ ತಿಳಿದೀತು.

ಇನ್ನು ಔಷಧ ಈ ಗೋಡೆಗೆ ಏಕೆ ಅಂಟಬೇಕು? ಅಡಿಗೆಮನೆಯ ಒಂದು ಅನುಭವವನ್ನು ನೆನೆಯಿರಿ. ಚಿತ್ರಾನ್ನವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ಡಬ್ಬಿ ಹಳದಿಯಾಗುತ್ತದೆ. ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಸ್ಟೀಲಿನ ಡಬ್ಬಿಗೆ ಆ ತೊಂದರೆಯಿಲ್ಲ. ಅರಿಶಿನದ ಬಣ್ಣಕ್ಕೆ ನೀರಿನ ಸಹವಾಸ ಅಷ್ಟಕ್ಕಷ್ಟೆ. ಎಣ್ಣೆಯಂಥ, ಪ್ಲಾಸ್ಟಿಕ್ಕಿನಂಥ ವಸ್ತುಗಳ ಸಹವಾಸ ಹಿತ. ನೀರಿನ ಅಣುಗಳು ಪರಸ್ಪರ ಕೈಹಿಡಿದು ನಿಲ್ಲುವ ಒಂದು ದೊಡ್ಡ ಬಳಗ. ತಮ್ಮೊಡನೆ ಬೆರೆಯದವನನ್ನು ಅವು ಮೆಲ್ಲಗೆ ಅಂಚಿಗೆ ಸರಿಸುತ್ತವೆ. ಅಂಚಿನಲ್ಲಿ ಪಾಲಿಮರಿನ ಗೋಡೆ ಸಿಕ್ಕಿದರೆ ಸರಿದವನು ಅಲ್ಲಿಯೇ ಒರಗುತ್ತಾನೆ. ಇದು ಮೊದಲನೆಯ ಕಾರಣ. ಎರಡನೆಯದು, ಟೆಟ್ರಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮುಂತಾದವುಗಳ ಅಣುವಿನಲ್ಲಿ ಚಪ್ಪಟೆಯಾದ ಉಂಗುರಗಳಿವೆ; ಪಾಲಿಸ್ಟೈರೀನಿನಲ್ಲಿಯೂ ಅಂಥ ಉಂಗುರಗಳಿವೆ. ದೋಸೆಯ ಮೇಲೆ ದೋಸೆ ಕುಳಿತಂತೆ ಇವು ಒಂದರ ಮೇಲೊಂದು ಕುಳಿತುಕೊಳ್ಳುತ್ತವೆ. ಮೂರನೆಯದು, ನೈಲಾನಿನಂಥ ಪಾಲಿಮರುಗಳಲ್ಲಿ ಜಲಜನಕದ ಮೂಲಕ ಬೆಸೆಯುವ ಸಣ್ಣ ಕೊಂಡಿಗಳು. ನಾಲ್ಕನೆಯದು ವಿದ್ಯುತ್ತಿನ ಆಕರ್ಷಣೆ. ಋಣ ಧನವನ್ನು ಸೆಳೆಯುತ್ತದೆ, ಧನ ಧನವನ್ನು ದೂಡುತ್ತದೆ.

ಈ ನಾಲ್ಕನೆಯದರಲ್ಲಿ ವ್ಯಾಕರಣ ಓದಿದವರಿಗೆ ಒಂದು ಸ್ವಾರಸ್ಯವಿದೆ. ಸಿಪ್ರೊಫ್ಲಾಕ್ಸಸಿನ್ ಹುಳಿ ನೀರಿನಲ್ಲಿ ಧನವಾಗಿರುತ್ತದೆ. ಕ್ಷಾರ ನೀರಿನಲ್ಲಿ ಋಣವಾಗುತ್ತದೆ. ನಡುವಿನ ಸಾಧಾರಣ ನೀರಿನಲ್ಲಿ ಒಂದು ತುದಿ ಧನ, ಇನ್ನೊಂದು ತುದಿ ಋಣ. ಸಂಸ್ಕೃತದಲ್ಲಿ ಉಭಯಪದಿ ಧಾತುಗಳಿವೆಯಲ್ಲ, ಹಾಗೆ. ಆದ್ದರಿಂದ ಅದನ್ನು ಹಿಡಿಯಬೇಕಾದರೆ ನೀರಿನ ಹುಳಿ ಎಷ್ಟೆಂದು ಮೊದಲು ನೋಡಬೇಕು. ಪದ ಒಂದೇ, ಸಂದರ್ಭ ಬದಲಾದರೆ ಅದರ ನಂಟೂ ಬದಲಾಗುತ್ತದೆ.

ಎಷ್ಟು ಔಷಧ ಅಂಟುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಅದನ್ನು ೧೯೧೮ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಹಾಕಿಕೊಟ್ಟರು. ನಾನು ಅದನ್ನು ನಮ್ಮ ಬಸ್ಸಿನ ಉಪಮೆಯಿಂದ ಅರ್ಥಮಾಡಿಕೊಂಡಿದ್ದೇನೆ. ಬಸ್ಸಿನಲ್ಲಿ ಇಂತಿಷ್ಟೇ ಸೀಟು. ಒಂದು ಸೀಟಿಗೆ ಒಬ್ಬ. ಮೊದಲು ಹತ್ತಿದವರಿಗೆ ತಡೆಯಿಲ್ಲ; ತುಂಬುತ್ತ ಬಂದಂತೆ ಸೀಟು ಸಿಗುವುದು ಕಷ್ಟ; ತುಂಬಿದ ಮೇಲೆ ನಿಲ್ದಾಣದಲ್ಲಿ ಎಷ್ಟು ಜನ ಕಾದಿದ್ದರೂ ಪ್ರಯೋಜನವಿಲ್ಲ. ಇನ್ನೂ ಒಂದು ಮಾತು. ಈ ಬಸ್ಸಿನಲ್ಲಿ ಹತ್ತುವವರು ಹತ್ತುತ್ತಲೇ ಇರುತ್ತಾರೆ, ಇಳಿಯುವವರು ಇಳಿಯುತ್ತಲೇ ಇರುತ್ತಾರೆ. ಹತ್ತುವವರೂ ಇಳಿಯುವವರೂ ಸಮನಾದಾಗ ನಮಗೆ ಎಲ್ಲವೂ ನಿಂತಂತೆ ಕಾಣುತ್ತದೆ, ಅಷ್ಟೆ. ಅಂಟಿದ್ದು ಶಾಶ್ವತವಾಗಿ ಅಂಟಿತೆಂದು ಭಾವಿಸಬಾರದು.

ಇಲ್ಲಿ ನಾನು ನನ್ನ ತಾಯಿಯ ಮಾತನ್ನು ಹೇಳಬೇಕು. ನಾನು ಹುಟ್ಟುವುದಕ್ಕೆ ಕೆಲವು ವರ್ಷ ಮೊದಲು ಆಕೆಗೆ ಕ್ಷಯ ತಗಲಿತ್ತು. ಹಿಂದಿನ ತಲೆಮಾರಿನಲ್ಲಾಗಿದ್ದರೆ ಅಲ್ಲಿಗೆ ಮುಗಿದಂತೆಯೇ. ಆದರೆ ೧೯೪೩ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಶಾಟ್ಸ್ ಎಂಬ ತರುಣ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದನ್ನು ಕಂಡುಹಿಡಿದಿದ್ದರು; ಅದು ನಮ್ಮ ದೇಶಕ್ಕೂ ಬಂದಿತ್ತು. ಸ್ಯಾನಿಟೋರಿಯಮ್ಮಿನಲ್ಲಿ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು ತಾಯಿ ಬದುಕಿ ಬಂದರು. ಕಿವಿ ಸ್ವಲ್ಪ ಮಂದವಾಯಿತು. ಆ ಮದ್ದಿನ ಗುಣವೇ ಅದು. "ಕಿವಿ ಕೊಟ್ಟು ಜೀವ ತಂದೆ" ಎನ್ನುತ್ತಿದ್ದರು.

ಗೆಳೆಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು: ಸೂಕ್ಷ್ಮಜೀವಿಯನ್ನು ಬೆಳೆಸಿದ ಬಾನಿಗಟ್ಟಲೆ ಗಂಜಿಯಲ್ಲಿ ಸ್ಟ್ರೆಪ್ಟೊಮೈಸಿನ್ ಇರುತ್ತಿದ್ದುದು ಎಲ್ಲೋ ಅಷ್ಟಿಷ್ಟು. ಅದನ್ನು ಬೇರ್ಪಡಿಸುವುದು ದೊಡ್ಡ ಸಮಸ್ಯೆಯಾಗಿತ್ತು. ೧೯೪೦ರ ದಶಕದ ಕೊನೆಯ ಹೊತ್ತಿಗೆ ಅದಕ್ಕೆ ಒದಗಿದ್ದು ಪಾಲಿಮರಿನ ಮಣಿಗಳು. ಅಯಾನು ವಿನಿಮಯ ರಾಳ ಎಂದು ಅವುಗಳ ಹೆಸರು. ಸ್ಟ್ರೆಪ್ಟೊಮೈಸಿನ್ ನೀರಿನಲ್ಲಿ ಧನ. ಆ ರಾಳದ ಮೈ ಋಣ. ಗಂಜಿಯನ್ನು ಮಣಿಗಳ ಮೇಲೆ ಹರಿಸಿದರೆ ಮದ್ದು ಅಂಟಿಕೊಳ್ಳುತ್ತಿತ್ತು, ಕಲ್ಮಷ ಹರಿದುಹೋಗುತ್ತಿತ್ತು. ಆಮೇಲೆ ತೆಳು ಆಮ್ಲದಲ್ಲಿ ತೊಳೆದರೆ ಮದ್ದು ಬಿಟ್ಟುಕೊಂಡು ಶುದ್ಧವಾಗಿ ಬರುತ್ತಿತ್ತು. ಅಂಟಿದ್ದು ಬಿಡುತ್ತದೆ ಎಂಬುದೇ ಅಲ್ಲಿ ಉಪಕಾರ. ಹಾಗೆ ನೋಡಿದರೆ ನನ್ನ ಹುಟ್ಟಿಗೆ ಕಾರಣರಾದವರ ಪಟ್ಟಿಯಲ್ಲಿ ಒಂದು ಹಿಡಿ ರಾಳದ ಮಣಿಗಳನ್ನೂ ಸೇರಿಸಬೇಕಾಗುತ್ತದೆ.

ಆ ಕಾಲದಲ್ಲಿ ಮದ್ದಿನ ಬೆಲೆ ಎಷ್ಟಿತ್ತೆಂಬುದಕ್ಕೆ ಇನ್ನೊಂದು ಸಂಗತಿ. ೧೯೪೧ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಚಿಕಿತ್ಸೆ ಪಡೆದ ಮೊದಲಿಗರಲ್ಲಿ ಒಬ್ಬ ಪೊಲೀಸಿನವನಿದ್ದ. ಇದ್ದ ಮದ್ದೆಲ್ಲ ಮುಗಿಯುತ್ತ ಬಂದಾಗ ಅವನ ಮೂತ್ರವನ್ನೇ ಸಂಗ್ರಹಿಸಿ, ಅದರಲ್ಲಿದ್ದ ಪೆನಿಸಿಲಿನ್ನನ್ನು ಮತ್ತೆ ಬೇರ್ಪಡಿಸಿ ಅವನಿಗೇ ಚುಚ್ಚಿದರು. ಗುಣವಾಗುತ್ತ ಬಂದಿದ್ದವನು ಮದ್ದು ತೀರಿದ ಮೇಲೆ ಸತ್ತ. ಅಂದು ಮೂತ್ರದಿಂದ ಹೆಕ್ಕಿ ತೆಗೆದರು. ಇಂದು ಕೊಡಗಟ್ಟಲೆ ಹೊಳೆಗೆ ಬಿಡುತ್ತಿದ್ದೇವೆ. ಈಗ ಅದೇ ಪಾಲಿಮರಿನ ಮೊರೆಹೊಕ್ಕು, ಅದೇ ಮದ್ದನ್ನು, ಈ ಸಲ ಕಲ್ಮಷವೆಂಬ ಹೆಸರಿನಲ್ಲಿ, ನೀರಿನಿಂದ ತೆಗೆಯಲು ಹೆಣಗುತ್ತಿದ್ದೇವೆ.

ಹೆಣಗುವ ಬಗೆಗಳು ಸ್ವಾರಸ್ಯವಾಗಿವೆ. ಸಿಗಡಿಯ ಚಿಪ್ಪಿನಿಂದ ಕೈಟೊಸಾನ್ ಎಂಬ ಪಾಲಿಮರನ್ನು ತೆಗೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಕಸವೆಂದು ಬಿಸಾಡುವ ಚಿಪ್ಪು. ಅದನ್ನು ತಕ್ಕಂತೆ ಮಾರ್ಪಡಿಸಿ ಟೆಟ್ರಸೈಕ್ಲಿನ್ನಿನಂಥ ಔಷಧಗಳನ್ನು ಹಿಡಿಯುವ ಪ್ರಯೋಗಗಳು ನಡೆದಿವೆ. ಇನ್ನೊಂದು ಬಗೆ ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಗೆ ತರುತ್ತದೆ. ಹಿಡಿಯಬೇಕಾದ ಔಷಧದ ಅಣುವನ್ನು ನಡುವೆ ಇಟ್ಟು ಸುತ್ತಲೂ ಪಾಲಿಮರನ್ನು ಕಟ್ಟುತ್ತಾರೆ. ಆಮೇಲೆ ಅಣುವನ್ನು ತೊಳೆದು ತೆಗೆದರೆ ಅದರ ಆಕಾರದ್ದೇ ಗೂಡು ಉಳಿಯುತ್ತದೆ. ಅದೇ ಅಣು ಮತ್ತೆ ಬಂದರೆ ಆ ಗೂಡಿನಲ್ಲಿ ಕುಳಿತುಕೊಳ್ಳುತ್ತದೆ. ಬೇರೆಯದು ಅಷ್ಟು ಸುಲಭವಾಗಿ ಕೂರಲಾರದು. ಜರ್ಮನಿಯ ಗ್ಯೂಂಟರ್ ವುಲ್ಫ್ ೧೯೭೨ರಲ್ಲಿಯೇ ಈ ಬಗೆಯ ಅಚ್ಚಿಗೆ ದಾರಿ ತೋರಿದರು.

ಆದರೆ ಪ್ರಯೋಗಾಲಯದ ನೀರು ಬೇರೆ, ಹೊಳೆಯ ನೀರು ಬೇರೆ. ಹೊಳೆಯ ನೀರಿನಲ್ಲಿ ಕೊಳೆತ ಎಲೆಯ ರಸವಿದೆ, ಸಾಬೂನಿದೆ, ಸುಣ್ಣದ ಅಂಶವಿದೆ, ಉಪ್ಪಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಂತೆ ಇವೆಲ್ಲ ಮೊದಲೇ ಬಂದು ಗೋಡೆಯನ್ನು ಆಕ್ರಮಿಸಿಬಿಡುತ್ತವೆ. ಟೆಟ್ರಸೈಕ್ಲಿನ್ನಿಗಂತೂ ಸುಣ್ಣದ ಅಂಶದೊಡನೆ ಬಲು ಗೆಳೆತನ. ಬೆಳೆಯುವ ಮಕ್ಕಳ ಹಲ್ಲಿನ ಸುಣ್ಣಕ್ಕೆ ಅಂಟಿ ಹಲ್ಲನ್ನು ಹಳದಿ ಮಾಡುತ್ತದೆಂದೇ ಅದನ್ನು ಸಣ್ಣ ಮಕ್ಕಳಿಗೆ ಕೊಡುವುದಿಲ್ಲ. ಗಡಸು ನೀರಿನಲ್ಲಿ ಅದರ ನಡತೆಯೇ ಬೇರೆ. ಆದುದರಿಂದ ಹೊಳೆಯಲ್ಲಿ ಹರಡಿ ತೆಳುವಾದ ಮೇಲೆ ಹಿಡಿಯುವುದಕ್ಕಿಂತ, ಕಾರ್ಖಾನೆಯ ಬಾಗಿಲಿನಲ್ಲಿ, ಆಸ್ಪತ್ರೆಯ ಕೊಳವೆಯ ತುದಿಯಲ್ಲಿ, ಗಟ್ಟಿಯಾಗಿರುವಾಗಲೇ ಹಿಡಿಯುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ಅಂದು ಪ್ರಯೋಗಾಲಯದಲ್ಲಿ ಹಳದಿಯ ಪಟ್ಟಿ ಕೊಳವೆಯ ತಳವನ್ನು ಮುಟ್ಟಿತು. ಕೆಳಗೆ ಬೀಳುತ್ತಿದ್ದ ತಿಳಿನೀರು ಮೆಲ್ಲಗೆ ಹಳದಿಯಾಗತೊಡಗಿತು. "ಬಸ್ಸು ತುಂಬಿತು" ಎಂದರು ಗೆಳೆಯರು. ನಾನು ಕೇಳಿದೆ: "ಈಗ ಈ ಮಣಿಗಳನ್ನು ಏನು ಮಾಡುತ್ತೀರಿ?" "ಮದ್ಯಸಾರದಲ್ಲಿಯೋ ಆಮ್ಲ ಕ್ಷಾರಗಳಲ್ಲಿಯೋ ತೊಳೆದರೆ ಔಷಧ ಬಿಡುತ್ತದೆ. ಮಣಿಗಳನ್ನು ಮತ್ತೆ ಬಳಸಬಹುದು." "ಬಿಟ್ಟ ಔಷಧ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಈ ಬಾಟಲಿನಲ್ಲಿ ಇರುತ್ತದೆ. ಸುಡಬೇಕು, ಇಲ್ಲವೇ ಬೇರೆ ವಿಧಾನದಿಂದ ಒಡೆದು ನಾಶಮಾಡಬೇಕು. ಅದನ್ನು ಮಾಡದಿದ್ದರೆ ನಾವು ಮಾಡಿದ್ದು ಇಷ್ಟೇ: ನೂರು ಬಾಟಲಿನ ಕಲ್ಮಷವನ್ನು ಒಂದು ಬಾಟಲಿಗೆ ತುಂಬಿದ್ದು" ಎಂದರು.

ನಾನು ಈ ಒಂದು ವಾಕ್ಯವನ್ನು ಮನೆಗೆ ಹೊತ್ತು ತಂದೆ. ಅಂಟಿಸಿಕೊಳ್ಳುವುದೆಂದರೆ ಇಲ್ಲವಾಗಿಸುವುದಲ್ಲ, ಜಾಗ ಬದಲಾಯಿಸುವುದು, ಅಷ್ಟೆ. 'ತೆಗೆದೆವು' ಎಂಬ ಕ್ರಿಯಾಪದವನ್ನು ಕೇಳಿದಾಗಲೆಲ್ಲ 'ಎಲ್ಲಿಗೆ?' ಎಂದು ಕೇಳುವುದನ್ನು ನಾವು ಕಲಿಯಬೇಕು.

ಈ ಅಂಟಿಗೆ ಇನ್ನೊಂದು ಮುಖವೂ ಇದೆ. ನಾವು ಬಿಸಾಡಿದ ಚೀಲ, ಹಗ್ಗ, ಬಲೆ, ಬಟ್ಟೆಯ ಎಳೆ ಎಲ್ಲವೂ ಪಾಲಿಮರುಗಳೇ. ಬಿಸಿಲಿಗೆ, ನೀರಿನ ಹೊಡೆತಕ್ಕೆ ಅವು ಪುಡಿಪುಡಿಯಾಗಿ ಹೊಳೆಗಳಲ್ಲಿ ತೇಲುತ್ತವೆ. ಪ್ರಯೋಗಾಲಯದ ಮಣಿ ಮಾಡುವ ಕೆಲಸವನ್ನು, ಯಾರೂ ಹೇಳದೆಯೇ, ಈ ಪುಡಿಯೂ ಮಾಡುತ್ತದೆ. ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ಬಗೆಯ ಪ್ಲಾಸ್ಟಿಕ್ ಪುಡಿಗಳ ಮೇಲೆ ಐದು ಪ್ರತಿಜೀವಕಗಳನ್ನು ಪರೀಕ್ಷಿಸಿದರು. ಸಿಹಿನೀರಿನಲ್ಲಿ ನೈಲಾನ್ ಜಾತಿಯ ಪುಡಿ ಎಲ್ಲಕ್ಕಿಂತ ಹೆಚ್ಚಾಗಿ ಅಂಟಿಸಿಕೊಂಡಿತು. ಸಮುದ್ರದ ಉಪ್ಪುನೀರಿನಲ್ಲಿ ಅಂಟು ಬಹಳ ಕಡಿಮೆಯಾಯಿತು. ಹೊಳೆಯಲ್ಲಿ ಹತ್ತಿಸಿಕೊಂಡ ಪ್ರಯಾಣಿಕರನ್ನು ಅಳಿವೆಯಲ್ಲಿ ಇಳಿಸಿಬಿಡಬಹುದೆಂದು ಊಹಿಸಬಹುದು. ಅಷ್ಟೇ ಅಲ್ಲ, ಈ ಪುಡಿಯ ಮೈಮೇಲೆ ಬ್ಯಾಕ್ಟೀರಿಯಗಳು ಲೋಳೆ ಕಟ್ಟಿಕೊಂಡು ವಾಸಿಸುತ್ತವೆ. ಗುರುವೂ ಅಲ್ಲೇ, ಶಿಷ್ಯರೂ ಅಲ್ಲೇ, ಪಾಠದ ವಸ್ತುವಾದ ಔಷಧವೂ ಅಲ್ಲೇ. ತೇಲುವ ಒಂದು ಗುರುಕುಲ!

ಕಾನೂನು ಏನು ಹೇಳುತ್ತದೆಂದು ನೀವು ಕೇಳಬಹುದು. ಕಾರ್ಖಾನೆಯ ನೀರಿನಲ್ಲಿ ಯಾವ ಪ್ರತಿಜೀವಕ ಎಷ್ಟು ಇರಬಹುದೆಂಬ ಮಿತಿಗಳನ್ನು ನಮ್ಮ ಕೇಂದ್ರ ಸರ್ಕಾರ ೨೦೨೦ರ ಜನವರಿಯ ಕರಡು ನಿಯಮದಲ್ಲಿ ಸೂಚಿಸಿತ್ತು. ೨೦೨೧ರಲ್ಲಿ ಅಂತಿಮ ನಿಯಮ ಹೊರಬಂದಾಗ ಆ ಮಿತಿಗ‌ಳು ಅದರಲ್ಲಿ ಇರಲಿಲ್ಲ. ೨೦೨೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕಾರ್ಖಾನೆಗಳ ಕೊಳಚೆಯ ವಿಷಯದಲ್ಲಿ ಮಾರ್ಗದರ್ಶನ ಪ್ರಕಟಿಸಿತು. ಮಾರ್ಗದರ್ಶನ ಮಾರ್ಗವನ್ನು ತೋರಿಸುತ್ತದೆ; ನಡೆಸುವವರು ಬೇರೆ ಬೇಕು.

ನಮ್ಮ ಕೈಯಲ್ಲಿರುವುದು ಸ್ವಲ್ಪವೇ, ಆದರೆ ಇಲ್ಲವೆಂದಲ್ಲ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ನೆಗಡಿಗೆ ಪ್ರತಿಜೀವಕವನ್ನು ಬೇಡಿ ಪಡೆಯಬಾರದು. ಉಳಿದದ್ದನ್ನು ಬಚ್ಚಲಿಗೆ ಹಾಕಿ ನೀರು ಹೊಯ್ಯಬಾರದು. ಈ ಮೂರನೆಯದನ್ನು ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ಆ ಎರಡನೆಯ ಮದ್ದಿನಲ್ಲಿ ಉಳಿದ ಆರು ಮಾತ್ರೆಗಳು ಈಗಲೂ ನನ್ನ ಮೇಜಿನ ಖಾನೆಯಲ್ಲಿವೆ. ಬಚ್ಚಲಿಗೆ ಹಾಕಲು ಮನಸ್ಸಿಲ್ಲ; ಕಸದ ಬುಟ್ಟಿಗೆ ಹಾಕಿದರೆ ಅದು ಮಳೆಗೆ ನೆನೆದು ಮತ್ತೆ ನೀರನ್ನೇ ಸೇರುತ್ತದೆ. ಅಂಗಡಿಯವರನ್ನು ಕೇಳಿದೆ, "ಇದನ್ನು ನಾವು ವಾಪಸು ತೆಗೆದುಕೊಳ್ಳುವುದಿಲ್ಲ ಸಾರ್, ಬಿಸಾಡಿಬಿಡಿ" ಎಂದರು. ಎಲ್ಲಿಗೆ ಎಂದು ನಾನು ಕೇಳಿದ್ದು ಅವರಿಗೆ ತಮಾಷೆಯಾಗಿ ಕೇಳಿಸಿತು. ಹೀಗೆ ನಾನೂ ಈಗ ಒಂದು ರಾಳದ ಮಣಿಯಾಗಿದ್ದೇನೆ: ಹಿಡಿದುಕೊಂಡಿದ್ದೇನೆ, ನಾಶಮಾಡಲಾರೆ, ಬಿಡುವುದಕ್ಕೂ ಮನಸ್ಸಿಲ್ಲ. ಮಣಿಯ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮುಂದಿನದನ್ನು ಮಾಡಬೇಕಾದವರು ಬೇರೆಯವರು. ಅವರನ್ನು ಕೇಳುತ್ತಲೇ ಇರಬೇಕಾದವರು ನಾವು. ನನ್ನ ತಾಯಿಯನ್ನು ಉಳಿಸಿದ ಮದ್ದಿನ ವಂಶ ನನ್ನ ಮೊಮ್ಮಕ್ಕಳನ್ನು ಉಳಿಸುವಷ್ಟು ಕಾಲವಾದರೂ ಬಾಳಲಿ ಎಂಬುದು ನನ್ನ ಆಸೆ.